ಕೆರೆ ಒಣಗಿತ್ತು, ಮೇಲೆ ಆಕಾಶ ಹಳದಿಯಾಗಿತ್ತು

ಹೋದ ಶುಕ್ರವಾರ ಬೆಳಿಗ್ಗೆ ನನ್ನ ಡ್ರೋನ್ ಒಂದು ಒಣಕೆರೆಯ ಮೇಲೆ ಮೂರು ಸಲ ಹಾರಿ ಇಳಿಯಿತು. ಎಲ್ಲ ಸೇರಿ 38 ನಿಮಿಷ. ಆ 38 ನಿಮಿಷದ ಅನುಮತಿಗೆ ಹಿಡಿದದ್ದು 11 ವಾರ. ಅದಕ್ಕೂ ಮುಂಚಿನ ತರಬೇತಿ, ಡ್ರೋನ್ ಖರೀದಿ, ಕಾಗದಪತ್ರ ಎಲ್ಲ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಆರು ತಿಂಗಳು. ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಡ್ರೋನ್ ಕೆಲಸ ಒಪ್ಪಿಕೊಳ್ಳಲು ಹೊರಟವರು ನನ್ನಂತೆ ಒದ್ದಾಡಬಾರದು ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಕೆರೆ ಯಾವುದು, ಅನುಮತಿ ಕೊಟ್ಟ ವಿಮಾನ ನಿಲ್ದಾಣದ ಟವರ್ ಯಾವುದು ಅಂತ ಮಾತ್ರ ಹೇಳುವುದಿಲ್ಲ. ಬೆಂಗಳೂರಿನ ಉತ್ತರಕ್ಕೆ ಅಂದರೆ ಸಾಕು.

ನಾನು ಸರ್ವೆಯವನು. ಸಿವಿಲ್ ಡಿಪ್ಲೊಮಾ ಮುಗಿಸಿ 17 ವರ್ಷದಿಂದ ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಯಂತ್ರ ಹೊತ್ತು ಲೇಔಟು, ರಸ್ತೆ, ತೋಟ ಅಳೆದು ಹೊಟ್ಟೆ ಹೊರೆದವನು. ಚಳಿಗಾಲದಲ್ಲಿ ಒಂದು ಟ್ರಸ್ಟಿನವರು ಬಂದರು. 42 ಎಕರೆಯ ಪಂಚಾಯಿತಿ ಕೆರೆ, ಹೂಳು ಎಷ್ಟಿದೆ ಅಂತ ಲೆಕ್ಕ ಬೇಕು, ಡ್ರೋನ್‌ನಲ್ಲೇ ಮಾಡಿಕೊಡಿ ಅಂದರು. ನೀರು ನಿಂತಿದ್ದರೆ ಕ್ಯಾಮೆರಾಗೆ ಕೆರೆಯ ಅಂಗಳ ಕಾಣುವುದಿಲ್ಲ. ಹಾಗಾಗಿ ಕೆರೆ ಪೂರ್ತಿ ಒಣಗಿದ ಮೇಲೆ, ಮಳೆ ಬೀಳುವ ಮುಂಚೆ ಕೆಲಸ ಮುಗಿಯಬೇಕು. ಅಂದರೆ ಮಾರ್ಚ್‌ನಿಂದ ಮೇ ನಡುವೆ. ಕೈಯಲ್ಲಿ ಬೇಕಾದಷ್ಟು ಸಮಯ ಇದೆ ಅಂದುಕೊಂಡು ಒಪ್ಪಿಕೊಂಡೆ.

ಮೊದಲು ಪೈಲಟ್ ಸರ್ಟಿಫಿಕೇಟ್. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಡ್ರೋನ್‌ಗಳನ್ನು ತೂಕದ ಮೇಲೆ ವಿಂಗಡಿಸುತ್ತವೆ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕೆಜಿವರೆಗೆ ಮೈಕ್ರೊ, 25 ಕೆಜಿವರೆಗೆ ಸ್ಮಾಲ್. ನ್ಯಾನೊಗೆ ಸರ್ಟಿಫಿಕೇಟ್ ಬೇಡ. ಮೈಕ್ರೊವನ್ನು ಸುಮ್ನೆ ಶೋಕಿಗೆ ಹಾರಿಸಿದರೂ ಬೇಡ. ದುಡ್ಡಿಗೆ ಹಾರಿಸಿದರೆ ಮಾತ್ರ ಬೇಕು. ವಯಸ್ಸು 18ರಿಂದ 65, ಹತ್ತನೇ ತರಗತಿ ಪಾಸು, ಡಿಜಿಸಿಎ, ಅಂದರೆ ಕೇಂದ್ರದ ವಿಮಾನಯಾನ ನಿರ್ದೇಶನಾಲಯ, ಒಪ್ಪಿದ ಸಂಸ್ಥೆಯಲ್ಲಿ ತರಬೇತಿ. ಇಷ್ಟೇ ಅರ್ಹತೆ. ಸರ್ಟಿಫಿಕೇಟಿನ ಸರ್ಕಾರಿ ಶುಲ್ಕ 100 ರೂಪಾಯಿ, ತರಬೇತಿಗೆ ನಾನು ಕೊಟ್ಟದ್ದು 53,000!

ಐದು ದಿನದ ತರಬೇತಿ ಚೆನ್ನಾಗಿಯೇ ಇತ್ತು. ಒಂದೂವರೆ ದಿನ ಪಾಠ, ಆಮೇಲೆ ಕಂಪ್ಯೂಟರ್ ಮೇಲೆ ಸಿಮ್ಯುಲೇಟರ್, ಆಮೇಲೆ ಮೈದಾನ. ಆರ್‌ಟಿಒದಲ್ಲಿ ಬೈಕಿಗೆ ಎಂಟು ಹಾಕಿಸುತ್ತಾರಲ್ಲ, ಇಲ್ಲೂ ಗಾಳಿಯಲ್ಲಿ ಎಂಟು ಹಾಕಿಸಿದರು. ಪಾಠದಲ್ಲಿ ಹವಾಮಾನ, ಬ್ಯಾಟರಿ ಜೊತೆಗೆ ವಿಮಾನದವರು ಸಮಯ, ಎತ್ತರ ಹೇಗೆ ಹೇಳುತ್ತಾರೆ ಅಂತಲೂ ಒಂದು ಗಂಟೆ ಇತ್ತು. ಊಟದ ನಂತರದ ಕ್ಲಾಸು ಅದು. ನಾನು ತೂಕಡಿಸಿದೆ. ಆ ಒಂದು ಗಂಟೆಯ ನಿದ್ದೆಗೆ ಆಮೇಲೆ ಎಷ್ಟು ದಂಡ ಕಟ್ಟಿದೆ ಅನ್ನುವುದು ಮುಂದೆ ಬರುತ್ತದೆ.

ಸರ್ಟಿಫಿಕೇಟ್ ಕೈಗೆ ಬರಲು ಮೂರು ವಾರ ತಡವಾಯಿತು. ಕಾರಣ ನನ್ನ ಹೆಸರು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದಿದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಹಿಂದಿದೆ. ನಮ್ಮ ಕಡೆ ಅರ್ಧ ಜನರ ಕಥೆ ಇದೇ ಅಲ್ವಾ? ನೋಟರಿ ಅಫಿಡವಿಟ್, 500 ರೂಪಾಯಿ. ನೀವು ಸೇರುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಇಲ್ಲ ಅಂತ ಹೆದರಬೇಡಿ, 2023ರ ತಿದ್ದುಪಡಿಯಿಂದ ಅದು ಕಡ್ಡಾಯ ಅಲ್ಲ.

ಡ್ರೋನ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. 2 ಕೆಜಿ ಒಳಗಿನದು, ಇಲ್ಲೇ ತಯಾರಾದದ್ದು, ಟೈಪ್ ಸರ್ಟಿಫಿಕೇಟ್, ಅಂದರೆ ಆ ಮಾಡೆಲ್‌ಗೆ ಸರ್ಕಾರದ ಒಪ್ಪಿಗೆ ಪತ್ರ, ಇರುವಂಥದ್ದು. ಮದುವೆ ಶೂಟಿಂಗ್‌ನವರ ಕೈಯಲ್ಲಿ ಕಾಣುವ ವಿದೇಶಿ ಡ್ರೋನ್ ಕಾಲು ಭಾಗದ ಬೆಲೆಗೆ ಸಿಗುತ್ತದೆ ಅಂತ ನನ್ನ ಜೊತೆ ಕೆಲಸಕ್ಕಿರುವ ಹುಡುಗ ಹೇಳಿದ. ಆದರೆ ಸಿದ್ಧ ಡ್ರೋನ್‌ಗಳ ಆಮದನ್ನು ಸರ್ಕಾರ 2022ರ ಫೆಬ್ರವರಿಯಲ್ಲೇ ನಿಲ್ಲಿಸಿದೆ. ಯುಐಎನ್, ಅಂದರೆ ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ ಡ್ರೋನಿನ ನೋಂದಣಿ ಸಂಖ್ಯೆ, ಇಲ್ಲದ ಯಂತ್ರ ಹಿಡಿದುಕೊಂಡು ಟವರ್‌ಗೆ ಅರ್ಜಿ ಹಾಕುವುದು ಹೇಗೆ? ನಿಯಮ ಮುರಿದರೆ ದಂಡ ಒಂದು ಲಕ್ಷದವರೆಗೆ ಇದೆ. ಹಳೆ ಡ್ರೋನ್ ಕೊಳ್ಳುವವರಿಗೆ ಒಂದು ಮಾತು: ಯುಐಎನ್ ನಿಮ್ಮ ಹೆಸರಿಗೆ ವರ್ಗ ಆಗುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ನಾನು ಕೊಟ್ಟುಬಿಟ್ಟೆ. ಮಾರಿದವರು ಪೋರ್ಟಲ್ ಪಾಸ್‌ವರ್ಡ್ ಮರೆತಿದ್ದರು, ನೋಂದಾಯಿಸಿದ ಫೋನ್ ನಂಬರ್ ಕೆಲಸ ಬಿಟ್ಟು ಹೋದ ಹುಡುಗನದಾಗಿತ್ತು. ಡಿ-3 ಫಾರಂ, 100 ರೂಪಾಯಿ ಶುಲ್ಕದ ಕೆಲಸ. 19 ದಿನ ಹಿಡಿಯಿತು.

ಇನ್ನು ನಕ್ಷೆ. ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಪೋರ್ಟಲ್‌ನ ನಕ್ಷೆಯನ್ನು ಕೆಲಸ ಒಪ್ಪಿಕೊಳ್ಳುವ ಮುಂಚೆ ನೋಡಬೇಕಿತ್ತು. ನಾನು ನೋಡಿದ್ದು ಅಡ್ವಾನ್ಸ್ ತೆಗೆದುಕೊಂಡ ಮೇಲೆ.

ಆ ನಕ್ಷೆಯಲ್ಲಿ ದೇಶದ ಆಕಾಶಕ್ಕೆ ಮೂರು ಬಣ್ಣ. ಹಸಿರಿನಲ್ಲಿ 400 ಅಡಿವರೆಗೆ ಯಾರನ್ನೂ ಕೇಳಬೇಕಿಲ್ಲ. ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಹಳದಿಗೆ ಆ ಜಾಗದ ವಿಮಾನ ಸಂಚಾರ ನಿಯಂತ್ರಣದವರ, ಅಂದರೆ ಟವರ್‌ನವರ ಅನುಮತಿ ಬೇಕು. ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಬಳೆಯಲ್ಲಿ 200 ಅಡಿವರೆಗೆ ಹಸಿರು, ಅದರ ಮೇಲೆ ಹಳದಿ. 5ರಿಂದ 8 ಕಿಲೋಮೀಟರ್ ನಡುವೆ ಬಂದರೆ ನೆಲದಿಂದಲೇ ಹಳದಿ, ನೆಲದಿಂದಲೇ ಕೇಳಬೇಕು.

ಬೇರೆ ಊರಿನಲ್ಲಾದರೆ ಒಂದು ನಿಲ್ದಾಣ, ಒಂದು ಬಳೆ. ಬೆಂಗಳೂರಿನ ಸುತ್ತ ಹಾಗಲ್ಲ. ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ನಿಲ್ದಾಣ, ಯಲಹಂಕದಲ್ಲಿ ವಾಯುಪಡೆ ನೆಲೆ, ಅದರ ದಕ್ಷಿಣಕ್ಕೆ ಜಕ್ಕೂರಿನಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ಸರ್ಕಾರಿ ಶಾಲೆಯ ರನ್‌ವೇ. ಈ ಕಡೆ ಎಚ್‌ಎಎಲ್. 2008ರಲ್ಲಿ ದೇವನಹಳ್ಳಿ ಶುರುವಾದ ಮೇಲೆ ಅಲ್ಲಿಂದ ಟಿಕೆಟ್ ವಿಮಾನ ನಿಂತರೂ ಹಾರಾಟ ನಿಂತಿಲ್ಲ. ನಕ್ಷೆಯಲ್ಲಿ ಈ ಬಳೆಗಳು ಒಂದರ ಮೇಲೊಂದು ಬಿದ್ದಿವೆ. ನನ್ನ ಕೆರೆ ಎರಡು ಬಳೆಯ ಕೆಳಗಿತ್ತು. ಒಂದು ನಿಲ್ದಾಣದ 8 ಕಿಲೋಮೀಟರ್ ಗೆರೆ ಸರಿಯಾಗಿ ಕೆರೆಯ ಮಧ್ಯೆಯೇ ಹಾದುಹೋಗಿತ್ತು! ತೂಬಿನ ಕಡೆ ಹಳದಿ, ಹಿಂಭಾಗ 200 ಅಡಿವರೆಗೆ ಹಸಿರು.

ಹಸಿರು ಅರ್ಧ ಮೊದಲು ಹಾರಿಸಿಬಿಡೋಣ ಅಂತ ಹುಡುಗ ಅಂದ. ಆಸೆ ನನಗೂ ಆಯಿತು. ಆದರೆ ಸರ್ವೆ ಡ್ರೋನ್ ಉಳುವ ಎತ್ತಿನ ಹಾಗೆ ಸಾಲು ಸಾಲಾಗಿ ಹೋಗುತ್ತದೆ, ಸಾಲಿನ ಕೊನೆಯಲ್ಲಿ ತಿರುಗಲು 20-30 ಮೀಟರ್ ಆಚೆ ಹೋಗುತ್ತದೆ. ಗೆರೆ ದಾಟದೆ ಆಗುವುದಿಲ್ಲ. ಬಿಟ್ಟೆವು.

ಮೊದಲ ಅರ್ಜಿ ಹಾಕಿದೆ. ಪೈಲಟ್ ಸರ್ಟಿಫಿಕೇಟ್, ಯುಐಎನ್, ಥರ್ಡ್ ಪಾರ್ಟಿ ವಿಮೆ, ಪಂಚಾಯಿತಿಯ ಪತ್ರ, ಕೆಲಸ ಕೊಟ್ಟವರ ಪತ್ರ, ಜಾಗದ ನಕ್ಷೆ. ಹತ್ತು ದಿನ ಉತ್ತರ ಇಲ್ಲ. ಫೋನ್ ಮಾಡಿದೆ. ನಿಮ್ಮ ಜಾಗ ನಮ್ಮದಲ್ಲ, ಪಕ್ಕದವರನ್ನು ಕೇಳಿ ಅಂದರು. ಪಕ್ಕದವರು, ಮೊದಲು ಅವರು ಒಪ್ಪಲಿ ಅಂದರು. ಹೀಗೆ ಚೆಂಡಾಟ ಎರಡು ವಾರ. ಕೊನೆಗೆ ಒಬ್ಬ ಹಿರಿಯ ಅಧಿಕಾರಿ ಫೋನಿನಲ್ಲಿ ಸಿಕ್ಕಿ, "ಇಬ್ಬರಿಗೂ ಒಂದೇ ಅರ್ಜಿ ಹಾಕ್ರಿ, ಇಬ್ಬರ ಹೆಸರನ್ನೂ ಮೇಲೇ ಬರೀರಿ. ಆಗ ನಾವು ನಾವೇ ಮಾತಾಡ್ಕೋತೀವಿ," ಅಂದರು. ಇದೊಂದು ಮಾತು ಮೊದಲ ದಿನವೇ ಯಾರಾದರೂ ಹೇಳಿದ್ದರೆ!

ಎರಡನೇ ಅರ್ಜಿ ವಾಪಸ್ ಬಂತು. ನಾನು ಕೆರೆಯ ಮೂಲೆಗಳನ್ನು ನಮ್ಮ ಸರ್ವೆ ರೂಢಿಯಂತೆ ಯುಟಿಎಂ 43 ಉತ್ತರ ಅನ್ನುವ ನಕ್ಷೆಯ ಚೌಕಳಿ ಗ್ರಿಡ್‌ನ ಮೀಟರ್‌ಗಳಲ್ಲಿ ಕೊಟ್ಟಿದ್ದೆ. ಅವರಿಗೆ ಬೇಕಿದ್ದದ್ದು ಅಕ್ಷಾಂಶ ರೇಖಾಂಶ, ಡಿಗ್ರಿ ನಿಮಿಷ ಸೆಕೆಂಡಿನಲ್ಲಿ. ಇಲ್ಲೊಂದು ತಮಾಷೆ. ಡ್ರೋನ್‌ನವರ ಬಾಯಲ್ಲಿ ಯುಟಿಎಂ ಅಂದರೆ ಡ್ರೋನ್ ಸಂಚಾರ ನಿರ್ವಹಣೆ. ನಾನು ಫೋನಿನಲ್ಲಿ "ಯುಟಿಎಂ ಕೊಟ್ಟಿದೀನಲ್ಲ ಸರ್" ಅಂತಿದ್ದೆ, ಆ ಕಡೆಯವರು "ಯಾವ ಯುಟಿಎಂ ರೀ, ಅದಿನ್ನೂ ಎಲ್ಲಿ ಬಂದಿದೆ" ಅಂತಿದ್ದರು. ಐದು ನಿಮಿಷ ಇಬ್ಬರೂ ಬೇರೆ ಬೇರೆ ವಿಷಯದ ಮೇಲೆ ಜಗಳ ಆಡಿದೆವು.

ಮೂರನೆಯ ಸಲ ಎತ್ತರದ ತಕರಾರು. ನಾನು ಬರೆದದ್ದು 60 ಮೀಟರ್. ಸಮುದ್ರ ಮಟ್ಟದಿಂದ ಅಡಿಗಳಲ್ಲಿ ಕೊಡಿ ಅಂತ ಉತ್ತರ ಬಂತು. ಮೊದಲು ಸಿಟ್ಟು ಬಂತು. ಆಮೇಲೆ ಕುಳಿತು ಯೋಚಿಸಿದೆ. ಟವರ್‌ನವರು ಮಾತಾಡುವುದು ವಿಮಾನದ ಪೈಲಟ್ ಜೊತೆ. ಕೆಳಗೆ ಹಾರುವಾಗ ಆತನ ಎತ್ತರಮಾಪಕ ತೋರಿಸುವುದು ಸಮುದ್ರ ಮಟ್ಟದಿಂದ ಎತ್ತರ. ನಮ್ಮ ಈ ಭಾಗದ ನೆಲವೇ ಸುಮಾರು 3000 ಅಡಿ ಮೇಲಿದೆ. 3500 ಅಡಿಯಲ್ಲಿ ಬರುವ ಹೆಲಿಕಾಪ್ಟರ್ ನಮ್ಮ ತಲೆಯಿಂದ ಬರೀ 500 ಅಡಿ ಮೇಲೆ ಇರುತ್ತದೆ. "60 ಮೀಟರ್" ಅನ್ನುವುದು ಅವರ ಪುಸ್ತಕದಲ್ಲಿ ಸಮುದ್ರದ ದಡದ ತೆಂಗಿನ ಮರದ ಲೆಕ್ಕ. ಕೆರೆ ಅಂಗಳದ ಮಟ್ಟ ನಾನೇ ಅಳೆದಿದ್ದೆ, 2,920 ಅಡಿ. ಅದಕ್ಕೆ 200 ಕೂಡಿಸಿ 3,120 ಅಂತ ಬರೆದು, ಪಕ್ಕದಲ್ಲಿ ನೆಲದಿಂದ 200 ಅಡಿ ಅಂತಲೂ ಬರೆದೆ. ನೀವೂ ಎರಡನ್ನೂ ಬರೆಯಿರಿ.

ಇಷ್ಟರಲ್ಲಿ ಏಪ್ರಿಲ್ ಅರ್ಧ ಕಳೆದಿತ್ತು. ಮಧ್ಯಾಹ್ನ ಆದರೆ ಮೋಡ ಕಟ್ಟುತ್ತಿತ್ತು. ಟ್ರಸ್ಟಿನವರು ದಿನಾ ಫೋನ್. ಕೆರೆಯಲ್ಲಿ ಅಳತೆಗೆ ಅಂತ ಸುಣ್ಣದಲ್ಲಿ ಹತ್ತು ಕಡೆ ದೊಡ್ಡ ಪ್ಲಸ್ ಗುರುತು ಹಾಕಿದ್ದೆವು. ದನ ತುಳಿದವು, ಮತ್ತೆ ಹಾಕಿದೆವು. ಹುಡುಗರು ಒಂದನ್ನು ಕ್ರಿಕೆಟ್ ಪಿಚ್ಚಿನ ಗೆರೆ ಮಾಡಿಕೊಂಡರು, ಮತ್ತೆ ಹಾಕಿದೆವು. ನೀರಗಂಟಿ ಅಜ್ಜ ಏರಿ ಮೇಲೆ ಕುಳಿತು ನೋಡುತ್ತಿದ್ದ. "ಏನ್ ಸ್ವಾಮಿ, ದಿನಾ ರಂಗೋಲಿ ಹಾಕ್ತೀರಿ, ದೇವ್ರು ಬರಾಂಗಿಲ್ಲ," ಅಂದ.

ಕಾಯುತ್ತಾ ಕುಳಿತವನಿಗೆ ಓದುವುದು ಬಿಟ್ಟು ಏನಿದೆ? ಹಾರುವ ಟ್ಯಾಕ್ಸಿ ಸುದ್ದಿ ಓದುತ್ತಿದ್ದೆ. ಬೆಂಗಳೂರಿನ ಸರಳಾ ಏವಿಯೇಷನ್ ಕಂಪನಿ ಮತ್ತು ವಿಮಾನ ನಿಲ್ದಾಣದವರು 2024ರ ಅಕ್ಟೋಬರ್‌ನಲ್ಲಿ ಒಟ್ಟಿಗೆ ಕೆಲಸ ಮಾಡುವ ಮಾತಾಡಿಕೊಂಡರು. 2025ರ ಜನವರಿಯಲ್ಲಿ ದೆಹಲಿಯ ಪ್ರದರ್ಶನದಲ್ಲಿ ಅವರ 'ಶೂನ್ಯ'ವನ್ನು ಇಟ್ಟಿದ್ದರು. ಕರೆಂಟಿನಲ್ಲಿ ನೇರ ಮೇಲೇಳುವ ಯಂತ್ರ, 20-30 ಕಿಲೋಮೀಟರ್ ಓಡಾಟಕ್ಕೆ. ಸಂತೋಷವೇ. ಆದರೆ ನನ್ನ 2 ಕೆಜಿ ಯಂತ್ರಕ್ಕೆ ಇಬ್ಬರು ಅಧಿಕಾರಿಗಳು ಫೋನಿನಲ್ಲಿ ಮಾತಾಡಿಕೊಳ್ಳಬೇಕು. ಒಂದೇ ಆಕಾಶದಲ್ಲಿ ನೂರು ಟ್ಯಾಕ್ಸಿ, ಸಾವಿರ ಡ್ರೋನ್ ಅಂದರೆ ಈ ಫೋನಿನ ವ್ಯವಸ್ಥೆಯಲ್ಲಿ ಆಗುವ ಮಾತಲ್ಲ. ಕಂಪ್ಯೂಟರ್‌ಗಳೇ ಪರಸ್ಪರ ದಾರಿ ಹಂಚಿಕೊಳ್ಳುವ ವ್ಯವಸ್ಥೆ ಬೇಕು ಅಂತ ಸರ್ಕಾರವೇ 2021ರ ಅಕ್ಟೋಬರ್‌ನಲ್ಲಿ ಡ್ರೋನ್ ಸಂಚಾರ ನಿರ್ವಹಣೆಯ ನೀತಿ ಹೊರಡಿಸಿದೆ. ಅದೇ ವರ್ಷ ಜೂನ್‌ನಲ್ಲಿ ನಮ್ಮ ಗೌರಿಬಿದನೂರಿನಲ್ಲಿ ಕಣ್ಣಿಗೆ ಕಾಣದಷ್ಟು ದೂರ ಔಷಧಿ ಕೊಂಡೊಯ್ಯುವ ಡ್ರೋನ್ ಪರೀಕ್ಷೆಯೂ ಆಯಿತು. ಕಾಗದದ ಮೇಲೆ ಎಲ್ಲ ಇದೆ. ಏರಿ ಮೇಲೆ ನಿಂತವನಿಗೆ ಇನ್ನೂ ಫೋನೇ ಗತಿ.

ಅನುಮತಿ ಪತ್ರ ಒಂದು ಸೋಮವಾರ ಸಂಜೆ ಬಂತು. ಬುಧವಾರ, 0700ರಿಂದ 0900. ಹುಡುಗ ಕುಣಿದ. ನಾನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದೆ. ಮಂಗಳವಾರ ರಾತ್ರಿ ಪತ್ರವನ್ನು ಮತ್ತೊಮ್ಮೆ ತೆಗೆದು ನೋಡಿದರೆ ಸಮಯದ ಮುಂದೆ ಯುಟಿಸಿ ಅಂತಿದೆ. ಎದೆ ಧಸಕ್ ಅಂದಿತು. ವಿಮಾನದವರಿಗೆ ಜಗತ್ತಿಗೆಲ್ಲ ಒಂದೇ ಗಡಿಯಾರ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. 0700 ಅಂದರೆ ಇಲ್ಲಿ ಮಧ್ಯಾಹ್ನ 12:30! ನಾನು ಅರ್ಜಿಯಲ್ಲಿ ಬರೀ ಅಂಕಿ ಬರೆದಿದ್ದೆ, ಅವರು ತಮ್ಮ ಗಡಿಯಾರದಲ್ಲೇ ಓದಿಕೊಂಡರು. ಬೆಳಿಗ್ಗೆ 7ಕ್ಕೆ ಬೇಕಾದವನು 0130 ಯುಟಿಸಿ ಅಂತ ಬರೆಯಬೇಕಿತ್ತು. ಇದೇ ಆ ನಿದ್ದೆ ಹೊಡೆದ ಕ್ಲಾಸು.

ಮಧ್ಯಾಹ್ನವೇ ಹಾರಿಸಬಹುದಿತ್ತು. ಆದರೆ ಆ ಹೊತ್ತಿಗೆ ಒಣಕೆರೆಯಿಂದ ಬಿಸಿಗಾಳಿ ಏಳುತ್ತದೆ, ಅದರ ಮೇಲೆ ಹದ್ದುಗಳು ತೇಲುತ್ತವೆ. ಹದ್ದಿಗೆ ಡ್ರೋನ್ ಕಂಡರೆ ಆಗುವುದಿಲ್ಲ, ಎರಗುತ್ತದೆ. ದೊಡ್ಡ ವಿಮಾನಗಳೂ ಇವಕ್ಕೆ ಹೆದರುತ್ತವೆ. 2025ರ ಏರೋ ಇಂಡಿಯಾ ಸಮಯದಲ್ಲಿ ಯಲಹಂಕದ ಸುತ್ತ 13 ಕಿಲೋಮೀಟರ್ ಮಾಂಸದ ಅಂಗಡಿ ಮುಚ್ಚಿಸಿದ್ದು ಇದೇ ಕಾರಣಕ್ಕೆ. ಬುಧವಾರ ಬಿಟ್ಟುಕೊಟ್ಟು, ತಿದ್ದಿದ ಪತ್ರಕ್ಕೆ ಮತ್ತೆ ಅರ್ಜಿ ಹಾಕಿದೆ. ಮೇ ತಿಂಗಳು ಬಂತು. ಒಂದು ರಾತ್ರಿ ಗುಡುಗಿತು. ನಿದ್ದೆ ಬರಲಿಲ್ಲ. ಬೆಳಿಗ್ಗೆ ಬೈಕಿನಲ್ಲಿ ಹೋಗಿ ನೋಡಿದರೆ ನಾಲ್ಕು ಹನಿ ಬಿದ್ದು ಸುಣ್ಣ ಮಾತ್ರ ಕರಗಿತ್ತು. ರಂಗೋಲಿ ಮತ್ತೊಮ್ಮೆ.

ಒಂಬತ್ತನೇ ದಿನ ಹೊಸ ಪತ್ರ ಬಂತು. ಹಾರಿಸುವ ಹಿಂದಿನ ದಿನ ಪೊಲೀಸ್ ಠಾಣೆಗೆ ಪ್ರತಿ ಕೊಟ್ಟುಬಂದೆ. "ಮದುವೆ ಶೂಟಿಂಗಾ?" ಅಂತ ಕೇಳಿದರು. ಕೆರೆ ಹೂಳು ಅಂದೆ. ನಗುತ್ತಾ ಸೀಲ್ ಹಾಕಿಕೊಟ್ಟರು. ಈ ಸೀಲಿನ ಪ್ರತಿ ಜೇಬಿನಲ್ಲಿರಲಿ, ಊರಿನವರು ಕೇಳಿದಾಗ ಅದನ್ನು ತೋರಿಸಿದರೆ ಮಾತು ಮುಗಿಯುತ್ತದೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಕೆರೆಗೆ ಹೋದೆವು. ಷರತ್ತು ಹೀಗಿತ್ತು. ಹಾರಿಸುವ ಅರ್ಧ ಗಂಟೆ ಮುಂಚೆ ಫೋನ್, ಏರಿಸುವಾಗ ಫೋನ್, ಇಳಿಸಿದ ಮೇಲೆ ಫೋನ್. ಅವರು ಮಾಡಿದಾಗ ಮೊದಲ ರಿಂಗಿಗೇ ಎತ್ತಬೇಕು. ಅಂಗಳದಲ್ಲಿ ಸಿಗ್ನಲ್ ಇಲ್ಲ, ಏರಿ ಮೇಲೆ ಎರಡು ಕಡ್ಡಿ ಬರುತ್ತಿತ್ತು. ಹಾಗಾಗಿ ಏರಿ ಮೇಲೆಯೇ ನಿಂತೆ. ಹುಡುಗನ ಕೆಲಸ ಎರಡು: ಕಣ್ಣು ಆಕಾಶದಲ್ಲಿ, ಫೋನ್ ಕಿವಿಯಲ್ಲಿ.

7:04ಕ್ಕೆ ಏರಿಸಿದೆ. ಹನ್ನೊಂದು ಸಾಲು ಮುಗಿದಿತ್ತು. ಫೋನ್ ಬಂತು. ಹುಡುಗನ ಮುಖ ನೋಡಿಯೇ ಗೊತ್ತಾಯಿತು. "ಅಣ್ಣ, ಇಳಿಸ್ಬೇಕಂತೆ. ಈಗ್ಲೇ." ಸಾಲು ಹಾರಾಟ ನಿಲ್ಲಿಸಿದೆ, ಆದರೆ ವಾಪಸ್ ಕರೆಸುವ ಬಟನ್ ಒತ್ತಲಿಲ್ಲ. ಆ ಬಟನ್ ಒತ್ತಿದರೆ ಯಂತ್ರ ಮೊದಲು ಮೇಲೇರಿ ಆಮೇಲೆ ಮನೆ ಕಡೆ ಬರುತ್ತದೆ. ಹಳದಿಯಲ್ಲಿ ಹಾರಿಸುವವರು ಈ ಸೆಟ್ಟಿಂಗನ್ನು ಮೊದಲೇ ನೋಡಿಕೊಂಡಿರಿ. ಇದ್ದಲ್ಲೇ, ಕೆರೆಯ ನಡುವೆ, ನೇರ ಕೆಳಗಿಳಿಸಿದೆ. 40 ಸೆಕೆಂಡ್ ಇರಬೇಕು, ನನಗೆ 40 ನಿಮಿಷ ಅನಿಸಿತು. "ಡೌನ್ ಸರ್" ಅಂತ ಹುಡುಗ ಫೋನಿನಲ್ಲಿ ಹೇಳಿದ, ಧ್ವನಿ ನಡುಗುತ್ತಿತ್ತು. ಆಮೇಲೆ ಸದ್ದು ಕೇಳಿಸಿತು. ತೆಂಗಿನ ತೋಟದ ಹಿಂದಿನಿಂದ ಹೆಲಿಕಾಪ್ಟರ್ ಬಂತು. ಕೆರೆಯ ಒಂದು ಬದಿ ದಾಟಿ ಹೋಯಿತು. ಅಷ್ಟು ಕೆಳಗೆ ಬರುತ್ತದೆ ಅಂತ ನಾನು ಎಂದೂ ಅಂದುಕೊಂಡಿರಲಿಲ್ಲ. ಬಾಗಿಲ ಪಕ್ಕ ಕುಳಿತವರ ಹೆಲ್ಮೆಟ್ ಕಾಣುತ್ತಿತ್ತು.

11 ವಾರ ಆ ಟವರ್‌ನವರನ್ನು ಬೈದುಕೊಂಡಿದ್ದೆ. ಆ ಬೆಳಿಗ್ಗೆ ಮಾತ್ರ ಬೈಯಲು ಬಾಯಿ ಬರಲಿಲ್ಲ.

ಹನ್ನೆರಡು ನಿಮಿಷದ ನಂತರ ಮತ್ತೆ ಏರಿಸಿ ಅಂತ ಫೋನ್ ಬಂತು. ಬ್ಯಾಟರಿ ಬದಲಿಸಿದೆ. ಉಳಿದದ್ದು ಎರಡು ಹಾರಾಟದಲ್ಲಿ ಮುಗಿಯಿತು. 8:20ಕ್ಕೆ ಕೊನೆಯ "ಡೌನ್" ಹೇಳಿದಾಗ ಆ ಕಡೆಯವರು, "ಹೂಳು ಎಷ್ಟಿದೆ ಅಂತ ನಮಗೂ ಹೇಳಿ," ಅಂದರು.

ಖರ್ಚು ಕೇಳುವವರಿಗೆ: ತರಬೇತಿ 53,000, ಹಳೆ ಡ್ರೋನ್ ಮೂರೂವರೆ ಲಕ್ಷ, ವಿಮೆ ವರ್ಷಕ್ಕೆ 11,800, ಅಫಿಡವಿಟ್, ಶುಲ್ಕ, ಓಡಾಟ ಸೇರಿ ಇನ್ನೊಂದು 9,000. ಟವರ್ ಅನುಮತಿಗೆ ಯಾರಿಗೂ ಒಂದು ಪೈಸೆ ಕೊಟ್ಟಿಲ್ಲ. ಮಾಡಿಸಿಕೊಡ್ತೀನಿ ಅಂತ ಒಬ್ಬ ಏಜೆಂಟ್ 25,000 ಕೇಳಿದ್ದ. ಆತನ ಅರ್ಜಿಯ ನಮೂನೆ ನೋಡಿದೆ, ಅದರಲ್ಲೂ ಎತ್ತರ ಮೀಟರ್‌ನಲ್ಲೇ ಇತ್ತು. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್‌ನಲ್ಲಿ ಡ್ರೋನ್‌ಗೆ ಅಂತಲೇ ಹೊಸ ಮಸೂದೆಯ ಕರಡು ಹೊರಬಿದ್ದಿದೆ. ಹಾಗಾಗಿ ಅರ್ಜಿ ಹಾಕುವ ದಿನ ನಿಯಮ ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ. ನಕ್ಷೆಯೂ ಆಗಾಗ ಬದಲಾಗುತ್ತದೆ.

ಭಾನುವಾರ ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ನೀರಗಂಟಿ ಅಜ್ಜ ಫೋನ್ ಮಾಡಿದ. ತೂಬಿನ ಹತ್ತಿರ ಮೊಣಕಾಲು ಮಟ್ಟ ನೀರು ನಿಂತಿದೆಯಂತೆ.

ಟ್ರಸ್ಟಿನವರು ಲೆಕ್ಕ ನೋಡಿ ಖುಷಿಪಟ್ಟು, ಪಕ್ಕದ ಊರಿನ ಕೆರೆಯನ್ನೂ ಮಾಡಿಕೊಡಿ ಅಂದಿದ್ದಾರೆ. ಈ ಸಲ ಅಡ್ವಾನ್ಸ್ ಮುಟ್ಟುವ ಮುಂಚೆ ನಕ್ಷೆ ತೆಗೆದು ನೋಡಿದೆ. ಕೆಂಪು. ಟೋಟಲ್ ಸ್ಟೇಷನ್ ಪೆಟ್ಟಿಗೆಯ ಧೂಳು ಒರೆಸಿ ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ.